ಕ್ಲಿಫ್ ಮೈದಾನದ ಹುಡುಗರು

1992ರ ಮೇ 15, ಶುಕ್ರವಾರ. ಇಂಗ್ಲೆಂಡಿನಲ್ಲಿ ಆ ವರ್ಷದ ಫುಟ್‌ಬಾಲ್ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಲೀಗ್ ಚಾಂಪಿಯನ್ ಯಾರೆಂಬುದು ಇತ್ಯರ್ಥವಾಗಿ ಮೂರು ವಾರವಾಗುತ್ತ ಬಂದಿತ್ತು, ಎಫ್.ಎ. ಕಪ್ ಫೈನಲ್ ಕೂಡ ಹಿಂದಿನ ಶನಿವಾರವೇ ನಡೆದುಹೋಗಿತ್ತು. ಆದರೂ ಅವತ್ತು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಓಲ್ಡ್ ಟ್ರಾಫರ್ಡ್ ಅಂಗಣಕ್ಕೆ 14,681 ಜನ ಬಂದರು. ಬಂದದ್ದು ಹದಿನೇಳು ಹದಿನೆಂಟರ ಹುಡುಗರ ಆಟ ನೋಡಲು. ಎಫ್.ಎ. ಯೂತ್ ಕಪ್ ಫೈನಲ್‌ನ ಎರಡನೇ ಪಂದ್ಯ ಅದು. ಎದುರಾಳಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್.

ಆ ಜನ ಗಾಯಗೊಂಡ ಮನಸ್ಸಿನಿಂದ ಬಂದಿದ್ದರು ಎನ್ನುವುದನ್ನು ಮರೆಯಬಾರದು. ಯುನೈಟೆಡ್ ಕೊನೆಯ ಬಾರಿ ಲೀಗ್ ಗೆದ್ದದ್ದು 1967ರಲ್ಲಿ. ಇಪ್ಪತ್ತೈದು ವರ್ಷಗಳ ಬರ ಆ ಸಲ ನೀಗುತ್ತದೆಂದು ಊರಿಗೆ ಊರೇ ನಂಬಿತ್ತು. ಆದರೆ ಏಪ್ರಿಲ್ ತಿಂಗಳಲ್ಲಿ ತಂಡ ಮುಗ್ಗರಿಸಿತು. ಏಪ್ರಿಲ್ 26ರಂದು ಲಿವರ್‌ಪೂಲ್‌ನಲ್ಲಿ ಸೋತು, ಪ್ರಶಸ್ತಿಯನ್ನು ಲೀಡ್ಸ್‌ಗೆ ಬಿಟ್ಟುಕೊಟ್ಟು ಬಂತು. ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಬಂದು ಐದೂವರೆ ವರ್ಷವಾಗಿತ್ತು. ಇಂಥ ಹೊತ್ತಿನಲ್ಲಿ ಹುಡುಗರ ಪಂದ್ಯಕ್ಕೆ ಇಷ್ಟು ಜನ ಸೇರಿದ್ದು ಸಣ್ಣ ಮಾತಲ್ಲ.

ಆ ತಂಡವನ್ನು ಮುಂದೆ ಜಗತ್ತು ‘ಕ್ಲಾಸ್ ಆಫ್ 92’ ಎಂದು ಕರೆಯಿತು. ಆ ಮಾತು ಬಂದ ಕೂಡಲೇ ಆರು ಹೆಸರು ಸಾಲಾಗಿ ಬರುತ್ತವೆ: ರಯಾನ್ ಗಿಗ್ಸ್, ಡೇವಿಡ್ ಬೆಕ್‌ಹ್ಯಾಮ್, ಪಾಲ್ ಸ್ಕೋಲ್ಸ್, ನಿಕಿ ಬಟ್, ಗ್ಯಾರಿ ನೆವಿಲ್, ಫಿಲ್ ನೆವಿಲ್. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ನಮ್ಮ ಬಡಾವಣೆಗಳಿಗೂ ಬಂದ ಮೇಲೆ ನಮ್ಮ ಹುಡುಗರೂ ಕಂಠಪಾಠ ಮಾಡಿಕೊಂಡ ಹೆಸರುಗಳಿವು. ಆದರೆ ಆ ಆರು ಜನರಲ್ಲಿ ಸ್ಕೋಲ್ಸ್ ಮತ್ತು ಫಿಲ್ ನೆವಿಲ್ 1992ರ ಫೈನಲ್‌ನಲ್ಲಿ ಆಡಲೇ ಇಲ್ಲ. ಮೇ 15ರಂದು ಯುನೈಟೆಡ್ ಹೊಡೆದ ಮೂರು ಗೋಲುಗಳಲ್ಲಿ ಒಂದೂ ಈ ಆರು ಜನರದ್ದಲ್ಲ. ಗೋಲು ಹೊಡೆದವರು ಬೆನ್ ಥಾರ್ನ್‌ಲಿ, ಸೈಮನ್ ಡೇವಿಸ್ ಮತ್ತು ಕಾಲಿನ್ ಮೆಕೀ.

ಆ ಋತುವಿನ ಕಥೆಯನ್ನು ಈ ಮೂವರ ಕಡೆಯಿಂದಲೂ ಹೇಳಬೇಕೆನ್ನುವುದು ನನ್ನ ಹಟ. ಒಂದು ಯುವ ತಂಡ ಎಂದರೆ ಮುಂದೆ ನಕ್ಷತ್ರಗಳಾದವರ ಬಾಲ್ಯದ ಆಲ್ಬಮ್ ಅಲ್ಲ. ಅದೂ ಒಂದು ತಂಡ. ಅದರ ಗೆಲುವಿಗೆ ಬೆವರು ಹರಿಸಿದವರೆಲ್ಲರೂ ಅದರ ಚರಿತ್ರೆಗೆ ಹಕ್ಕುದಾರರು.

ಯುನೈಟೆಡ್‌ಗೆ ಹುಡುಗರನ್ನು ಬೆಳೆಸುವ ವಿದ್ಯೆ ಹೊಸದಲ್ಲ. 1937ರ ಅಕ್ಟೋಬರ್ ಕೊನೆಯಿಂದ ಇವತ್ತಿನವರೆಗೆ ಆ ಕ್ಲಬ್ಬಿನ ಮೊದಲ ತಂಡದ ಪ್ರತಿ ಪಂದ್ಯದ ಪಟ್ಟಿಯಲ್ಲೂ ಅಲ್ಲೇ ಬೆಳೆದ ಒಬ್ಬನಾದರೂ ಇದ್ದೇ ಇದ್ದಾನೆ. ಮ್ಯಾಟ್ ಬಸ್ಬಿ ಮ್ಯಾನೇಜರ್ ಆಗಿದ್ದ ಕಾಲದಲ್ಲಿ, 1952–53ರಲ್ಲಿ ಎಫ್.ಎ. ಯೂತ್ ಕಪ್ ಶುರುವಾದಾಗ, ಮೊದಲ ಐದು ವರ್ಷ ಅದನ್ನು ಬೇರೆ ಯಾರ ಕೈಗೂ ಬಿಡಲಿಲ್ಲ. ಆ ಹುಡುಗರನ್ನು ತಿದ್ದಿದವರು ಬಸ್ಬಿಯ ಬಲಗೈಯಾಗಿದ್ದ ಜಿಮ್ಮಿ ಮರ್ಫಿ. ಆ ಕಾಲದ ತಂಡದ ಎಂಟು ಆಟಗಾರರು 1958ರ ಫೆಬ್ರುವರಿ 6ರ ಮ್ಯೂನಿಕ್ ವಿಮಾನ ದುರಂತದಲ್ಲಿ ಹೋದರು. 1964ರಲ್ಲಿ ಜಾರ್ಜ್ ಬೆಸ್ಟ್ ಇದ್ದ ತಂಡ ಮತ್ತೊಮ್ಮೆ ಯೂತ್ ಕಪ್ ಗೆದ್ದಿತು. ಆಮೇಲೆ ಇಪ್ಪತ್ತೆಂಟು ವರ್ಷ ಆ ಕಪ್ ಕೈಗೆ ಸಿಗಲಿಲ್ಲ. 1982ರ ಫೈನಲ್‌ನಲ್ಲಿ ವ್ಯಾಟ್‌ಫರ್ಡ್ ಎದುರು ಒಟ್ಟು 7–6ರಲ್ಲಿ ಸೋತರು. 1986ರಲ್ಲಿ ಸೋತದ್ದು ತಮ್ಮದೇ ಊರಿನ ಮ್ಯಾಂಚೆಸ್ಟರ್ ಸಿಟಿಗೆ.

ಆ 1986ರ ನವೆಂಬರ್‌ನಲ್ಲಿ ಫರ್ಗುಸನ್ ಬಂದರು. ಊರಿನ ಒಳ್ಳೊಳ್ಳೆಯ ಹುಡುಗರೆಲ್ಲ ಸಿಟಿ ಪಾಲಾಗುತ್ತಿದ್ದಾರೆ ಎಂಬುದು ಅವರಿಗೆ ಬಂದ ಕೂಡಲೇ ಕಂಡಿತು. ಶಾಲಾ ಮೈದಾನಗಳಲ್ಲಿ, ಭಾನುವಾರದ ಮಕ್ಕಳ ಲೀಗ್‌ಗಳಲ್ಲಿ ಕಣ್ಣಿಡುವ ಸ್ಕೌಟ್‌ಗಳ ಸಂಖ್ಯೆ ಹೆಚ್ಚಿಸಿದರು. ಗಿಗ್ಸ್ ಸಿಕ್ಕಿದ್ದು ಹಾಗೆಯೇ. ಸಾಲ್ಫರ್ಡಿನ ಈ ಹುಡುಗ ಸಿಟಿಯ ತರಬೇತಿ ಶಾಲೆಗೆ ಹೋಗುತ್ತಿದ್ದ. ಓಲ್ಡ್ ಟ್ರಾಫರ್ಡ್‌ನಲ್ಲಿ ಪಂದ್ಯದ ದಿನ ಜನರನ್ನು ನಿಭಾಯಿಸುತ್ತಿದ್ದ ಒಬ್ಬ ನೌಕರ, ಇಂಥ ಹುಡುಗ ಕೈತಪ್ಪಿ ಹೋಗುತ್ತಿದ್ದಾನೆ ಎಂದು ಫರ್ಗುಸನ್‌ಗೆ ತಿಳಿಸಿದ. 1987ರ ನವೆಂಬರ್ 29ರಂದು, ಹುಡುಗನಿಗೆ ಹದಿನಾಲ್ಕು ತುಂಬಿದ ದಿನ, ಮ್ಯಾನೇಜರ್ ಖುದ್ದು ಅವನ ಮನೆ ಬಾಗಿಲಿಗೆ ಹೋಗಿ ಸಹಿ ಹಾಕಿಸಿಕೊಂಡರು. ಹದಿನಾಲ್ಕು ತುಂಬಿದರೆ ಶಾಲಾ ಹುಡುಗರ ಕರಾರು, ಹದಿನಾರಕ್ಕೆ ಟ್ರೇನಿ, ಹದಿನೇಳಕ್ಕೆ ಬೇಕಿದ್ದರೆ ವೃತ್ತಿಪರ ಒಪ್ಪಂದ: ಅಂದಿನ ಮೆಟ್ಟಿಲುಗಳು ಇವು.

ಮಿಕ್ಕವರು ಬಂದ ದಾರಿಗಳೂ ಬೇರೆಬೇರೆ. ಬಟ್, ಸ್ಕೋಲ್ಸ್ ಮತ್ತು ನೆವಿಲ್ ಸೋದರರು ಓಲ್ಡಂ ಕಡೆಯ ಬೌಂಡರಿ ಪಾರ್ಕ್ ಎಂಬ ಮಕ್ಕಳ ತಂಡದಲ್ಲಿ ಒಟ್ಟಿಗೆ ಆಡಿ ಪಳಗಿದವರು. ಎಡಬದಿಯ ಡಿಫೆಂಡರ್ ಜಾರ್ಜ್ ಸ್ವಿಟ್ಜರ್ ಸಾಲ್ಫರ್ಡಿನವನು. ಕ್ರಿಸ್ ಕ್ಯಾಸ್ಪರ್ ಬರ್ನ್‌ಲಿಯವನು; ತಂದೆಯೂ ಆ ಊರಿನ ಕ್ಲಬ್ಬಿಗೆ ಆಡಿದ್ದವರು. ಕೀತ್ ಗಿಲೆಸ್ಪಿ ಉತ್ತರ ಐರ್ಲೆಂಡಿನಿಂದ, ರಾಬಿ ಸ್ಯಾವೇಜ್ ವೇಲ್ಸ್‌ನ ರೆಕ್ಸಂನಿಂದ, ಮೆಕೀ ಗ್ಲ್ಯಾಸ್ಗೋದಿಂದ ಬಂದವರು. ಬೆಕ್‌ಹ್ಯಾಮ್ ಲಂಡನ್ನಿನ ಹುಡುಗ. ಬಾಬಿ ಚಾರ್ಲ್ಟನ್ ಹೆಸರಿನ ಫುಟ್‌ಬಾಲ್ ಶಾಲೆಯ ಕೌಶಲ ಸ್ಪರ್ಧೆಯನ್ನು ಗೆದ್ದವನು. 1989ರ ಮೇ 2ರಂದು, ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ಸಹಿ ಹಾಕಿ, 1991ರ ಜುಲೈನಲ್ಲಿ ಟ್ರೇನಿಯಾಗಿ ಮ್ಯಾಂಚೆಸ್ಟರ್‌ಗೆ ಬಂದ. ದೂರದ ಊರಿನವರು ಕ್ಲಬ್ ಗೊತ್ತುಮಾಡಿದ ಮನೆಗಳಲ್ಲಿ ಊಟ-ವಸತಿ ಮಾಡಿಕೊಂಡಿರುತ್ತಿದ್ದರು.

ಇವರೆಲ್ಲ ಬೆಳಗಾದರೆ ಬಂದು ಸೇರುತ್ತಿದ್ದ ಜಾಗ ‘ದಿ ಕ್ಲಿಫ್’. ಸಾಲ್ಫರ್ಡಿನ ಬ್ರೌಟನ್ ಪ್ರದೇಶದಲ್ಲಿ, ಮನೆಗಳ ನಡುವೆ, ಗೋಡೆ ಸುತ್ತಿದ ಒಂದು ಮೈದಾನ. ಪಕ್ಕದಲ್ಲಿ ಒಳಾಂಗಣದ ಅಭ್ಯಾಸಕ್ಕೆ ಒಂದು ದೊಡ್ಡ ಹಾಲ್. ಮೊದಲ ತಂಡವೂ ಅಲ್ಲೇ, ಹುಡುಗರೂ ಅಲ್ಲೇ. ಬ್ರಯನ್ ರಾಬ್ಸನ್, ಮಾರ್ಕ್ ಹ್ಯೂಸ್ ಮುಂತಾದವರ ಬೂಟು ತಿಕ್ಕುವುದು, ಡ್ರೆಸಿಂಗ್ ರೂಮ್ ಗುಡಿಸಿ ಒರೆಸುವುದು ಟ್ರೇನಿಗಳ ಕೆಲಸ. ಸರ್ಕಾರದ ಯುವ ತರಬೇತಿ ಯೋಜನೆಯಡಿ ಅವರಿಗೆ ಸಿಗುತ್ತಿದ್ದ ಭತ್ಯೆ ವಾರಕ್ಕೆ 29 ಪೌಂಡ್ 50 ಪೆನ್ಸ್. ಅದೇ 1991ರಲ್ಲಿ ಕ್ಲಬ್ಬಿನ ಷೇರುಗಳು ಲಂಡನ್ ಷೇರುಪೇಟೆಗೆ ಬಂದಿದ್ದವು. ಇಂಗ್ಲಿಷ್ ಫುಟ್‌ಬಾಲಿಗೆ ಹಣದ ಹೊಳೆ ಹರಿಯಲು ಇನ್ನೊಂದೇ ವರ್ಷ ಬಾಕಿ ಇತ್ತು.

ಆ ದಿನಗಳಲ್ಲಿ ಒಂದು ಕೆಟ್ಟ ಪದ್ಧತಿಯೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಹೊಸದಾಗಿ ಬಂದವರನ್ನು ಎರಡನೇ ವರ್ಷದವರು ಗೋಳುಹೊಯ್ದುಕೊಳ್ಳುತ್ತಿದ್ದರು. ಎಲ್ಲರೆದುರು ಹಾಡಿಸುವುದು, ನೆಲ ಒರೆಸುವ ಕೋಲನ್ನು ಹುಡುಗಿ ಎಂದುಕೊಂಡು ಮಾತಾಡಿಸು ಎನ್ನುವುದು, ತಪ್ಪಿದರೆ ಟವೆಲಿನಲ್ಲಿ ಚೆಂಡು ಸುತ್ತಿ ತಲೆಗೆ ಬಾರಿಸುವುದು. ಅನುಭವಿಸಿದವರು ದೊಡ್ಡವರಾದ ಮೇಲೆ ನಗುತ್ತ ಹೇಳಿಕೊಂಡಿದ್ದಾರೆ. ಹದಿನಾರರ ಹುಡುಗನಿಗೆ ಅದು ನಗುವ ವಿಷಯವಾಗಿರಲಿಲ್ಲ. ಅದನ್ನು ತಾಳಿಕೊಂಡಿದ್ದರಿಂದಲೇ ಅವರು ಗಟ್ಟಿಯಾದರು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರನ್ನು ಗಟ್ಟಿ ಮಾಡಿದ್ದು ಎರಿಕ್ ಹ್ಯಾರಿಸನ್.

ಹ್ಯಾರಿಸನ್ ಯಾರ್ಕ್‌ಶೈರ್‌ನವರು, 1938ರಲ್ಲಿ ಹುಟ್ಟಿದವರು. ಆಟಗಾರರಾಗಿ ಹ್ಯಾಲಿಫ್ಯಾಕ್ಸ್, ಹಾರ್ಟಲ್‌ಪೂಲ್, ಬ್ಯಾರೊ, ಸೌತ್‌ಪೋರ್ಟ್ ಎಂದು ಕೆಳಗಿನ ಡಿವಿಷನ್‌ಗಳಲ್ಲೇ ಬೇರೂರಿದ್ದವರು. ಎವರ್ಟನ್‌ನಲ್ಲಿ ಕೋಚ್ ಆಗಿದ್ದು 1981ರಲ್ಲಿ ಯುನೈಟೆಡ್‌ಗೆ ಬಂದರು. ನಾರ್ಮನ್ ವೈಟ್‌ಸೈಡ್, ಮಾರ್ಕ್ ಹ್ಯೂಸ್ ಅವರ ಕೈಯಲ್ಲೇ ಮೊದಲ ತಂಡ ಸೇರಿದವರು. ಮೇಲೆ ಹೇಳಿದ ಎರಡು ಸೋತ ಫೈನಲ್‌ಗಳೂ ಅವರ ತಂಡಗಳವೇ. ಅಂದರೆ 1991ರ ಹೊತ್ತಿಗೆ ಅವರಿಗೆ ಐವತ್ಮೂರು ವರ್ಷ, ಕೈಯಲ್ಲಿ ಒಂದೂ ಯೂತ್ ಕಪ್ ಇಲ್ಲ.

ಕ್ಲಿಫ್‌ನಲ್ಲಿ ಮೈದಾನದ ಮೇಲ್ಗಡೆ ಒಂದು ಕೋಣೆ, ಅದಕ್ಕೊಂದು ಕಿಟಕಿ. ಹುಡುಗರು ಪಂದ್ಯ ಆಡುವಾಗ ಹ್ಯಾರಿಸನ್ ಆ ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದರು. ಯಾರಾದರೂ ತಪ್ಪು ಮಾಡಿದರೆ ಗಾಜಿನ ಮೇಲೆ ದಡದಡ ಗುದ್ದುತ್ತಿದ್ದರು. ಕೆಳಗಿದ್ದವರಿಗೆ ಮಾತು ಕೇಳಿಸುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಪ್ಪು ಯಾರದೆಂದು ಹನ್ನೊಂದು ಜನಕ್ಕೂ ಗೊತ್ತಾಗುತ್ತಿತ್ತು. ಗುದ್ದು ನಿಂತು ಮೆಟ್ಟಿಲಿಳಿಯುವ ಸದ್ದು ಕೇಳಿತೋ, ಇನ್ನೂ ಕಷ್ಟ.

ಬೈಗುಳವೊಂದೇ ಅವರ ಬಂಡವಾಳವಾಗಿದ್ದರೆ ಇವತ್ತು ಅವರ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಅವರು ಕಲಿಸುತ್ತಿದ್ದುದು ಮೂಲಪಾಠ: ಚೆಂಡನ್ನು ಒಂದೇ ಸ್ಪರ್ಶಕ್ಕೆ ಹದಕ್ಕೆ ತರುವುದು, ತಲೆಯೆತ್ತಿ ನೋಡುವುದು, ಹತ್ತಿರ ಇರುವವನಿಗೆ ಸರಿಯಾಗಿ ಪಾಸ್ ಕೊಡುವುದು, ಎದುರಾಳಿಯ ಮೈಗೆ ಮೈ ಕೊಟ್ಟು ಚೆಂಡು ಗೆಲ್ಲುವುದು. ಬೆಕ್‌ಹ್ಯಾಮ್‌ಗೆ ನಲವತ್ತು ಐವತ್ತು ಗಜ ದೂರಕ್ಕೆ ಚೆಂಡು ಎತ್ತಿ ಹೊಡೆಯುವ ಚಟವಿತ್ತು. ಅವನ್ನು ‘ಹಾಲಿವುಡ್ ಪಾಸ್’ ಎಂದು ಕರೆದು ಹ್ಯಾರಿಸನ್ ಗದರುತ್ತಿದ್ದರು. ಅದೇ ಪಾಸ್ ಮುಂದೆ ಆ ಹುಡುಗನ ಗುರುತಾಯಿತು. ಆದರೂ ಗದರಿದ್ದು ತಪ್ಪಾಗಿರಲಿಲ್ಲ: ಯಾವಾಗ ಹೊಡೆಯಬಾರದು ಎಂದು ತಿಳಿದ ಮೇಲೆ ತಾನೆ ಅದಕ್ಕೆ ಬೆಲೆ ಬಂದದ್ದು? ಹ್ಯಾರಿಸನ್ ಜೊತೆಗೆ ನಾಬಿ ಸ್ಟೈಲ್ಸ್ ಇದ್ದರು, 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದವರು. ಊರಿನ ಹುಡುಗರನ್ನು ಹುಡುಕಿ ಕೂಡಿಹಾಕುವ ಕೆಲಸ ನೋಡಿಕೊಂಡಿದ್ದ ಬ್ರಯನ್ ಕಿಡ್ 1991ರಲ್ಲಿ ಫರ್ಗುಸನ್‌ಗೆ ಸಹಾಯಕರಾದರು. ಇದರಿಂದ ಆದ ಲಾಭ ದೊಡ್ಡದು. ಹುಡುಗರನ್ನು ಹೆಸರು ಹಿಡಿದು ಬಲ್ಲವರೊಬ್ಬರು ಮೊದಲ ತಂಡದ ಕೋಣೆಯಲ್ಲಿದ್ದರು.

ತರಬೇತಿ ಮುಗಿದ ಮೇಲೂ ಇವರಲ್ಲಿ ಹಲವರು ಮನೆಗೆ ಹೋಗುತ್ತಿರಲಿಲ್ಲ. ಸಂಜೆ ಶಾಲಾ ಹುಡುಗರ ಅಭ್ಯಾಸಕ್ಕೂ ಬಂದು ಅವರ ಜೊತೆ ಮತ್ತೊಮ್ಮೆ ಆಡುವುದು, ಗೋಡೆಗೆ ಚೆಂಡು ಹೊಡೆಯುತ್ತ ಎಡಗಾಲು ಬಲಗಾಲು ಎರಡನ್ನೂ ತಿದ್ದಿಕೊಳ್ಳುವುದು. ಗ್ಯಾರಿ ನೆವಿಲ್ ತನಗೆ ದೈವದತ್ತ ಪ್ರತಿಭೆ ಇಲ್ಲ ಎಂದು ತಾನೇ ಹೇಳಿಕೊಂಡವನು. ಪಕ್ಕದವರ ಮಟ್ಟ ನೋಡಿ, ದುಡಿಮೆಯಿಂದಲೇ ಅವರನ್ನು ಮುಟ್ಟಬೇಕೆಂದು ಹೊರಟವನು. ಅಂಥವನು ಒಬ್ಬನಿದ್ದರೆ ತಂಡದ ಗಾಳಿಯೇ ಬದಲಾಗುತ್ತದೆ.

ಹುಡುಗರ ವಾರದ ಆಟ ಲ್ಯಾಂಕಶೈರ್ ಲೀಗ್‌ನಲ್ಲಿ. ‘ಎ’ ತಂಡ ಒಂದು ಡಿವಿಷನ್‌ನಲ್ಲಿ, ‘ಬಿ’ ತಂಡ ಅದರ ಕೆಳಗಿನದರಲ್ಲಿ. ಜನರಿಲ್ಲದ ಮೈದಾನಗಳು, ಚಳಿ, ಕೆಸರು. ‘ಬಿ’ಯಿಂದ ‘ಎ’ಗೆ, ‘ಎ’ಯಿಂದ ರಿಸರ್ವ್ ತಂಡಕ್ಕೆ, ಅಲ್ಲಿಂದ ಮೊದಲ ತಂಡಕ್ಕೆ ಏರುವುದು. ಒಂದು ಋತುವಿನಲ್ಲಿ ಹುಡುಗನೊಬ್ಬ ನಿಜವಾಗಿ ಬೆಳೆಯುವುದು ಈ ಪಂದ್ಯಗಳಲ್ಲಿ. ಪತ್ರಿಕೆಗಳು ಇವನ್ನು ಬರೆಯುವುದಿಲ್ಲ, ಅದಕ್ಕೇ ಚರಿತ್ರೆಯಲ್ಲಿ ಯೂತ್ ಕಪ್ಪಿನ ಪಂದ್ಯಗಳಷ್ಟೇ ಉಳಿಯುತ್ತವೆ.

ಯೂತ್ ಕಪ್ ಆ ವರ್ಷ ಯುನೈಟೆಡ್‌ಗೆ ಶುರುವಾದದ್ದು ಸಂಡರ್‌ಲೆಂಡ್ ಎದುರು: 4–2 ಗೆಲುವು. ಮುಂದೆ ವಾಲ್ಸಾಲ್ ಎದುರು 2–1. ನಾಲ್ಕನೇ ಸುತ್ತಿನಲ್ಲಿ ಎದುರಾದದ್ದು ಮ್ಯಾಂಚೆಸ್ಟರ್ ಸಿಟಿ. ಆರು ವರ್ಷದ ಹಿಂದೆ ಫೈನಲ್‌ನಲ್ಲಿ ಸೋಲಿಸಿದ್ದ ಅದೇ ನೆರೆಯವರನ್ನು ಈ ಸಲ 3–1ರಲ್ಲಿ ಮನೆಗೆ ಕಳಿಸಿದರು. ಟ್ರಾನ್‌ಮಿಯರ್ ಎದುರು 2–0. ಸೆಮಿಫೈನಲ್ ಎರಡು ಪಂದ್ಯಗಳದ್ದು, ಎದುರಾಳಿ ಟಾಟನಂ. ತವರಿನಲ್ಲಿ 3–0, ಲಂಡನ್ನಿನಲ್ಲಿ 2–1. ಅಂಕಿಗಳಲ್ಲೇ ಕಾಣುತ್ತದೆ, ಈ ತಂಡ ದಾರಿಯಲ್ಲೆಲ್ಲೂ ಬೆದರಲಿಲ್ಲ. ಒಂದು ಸಂಗತಿ ಮಾತ್ರ ಒತ್ತಿ ಹೇಳಬೇಕು. ಬೆಕ್‌ಹ್ಯಾಮ್, ಬಟ್, ಗ್ಯಾರಿ ನೆವಿಲ್, ಕ್ಯಾಸ್ಪರ್, ಥಾರ್ನ್‌ಲಿ, ಗಿಲೆಸ್ಪಿ ಇವರೆಲ್ಲ ಆಗ ತಾನೆ ಶಾಲೆ ಬಿಟ್ಟು ಬಂದ ಮೊದಲ ವರ್ಷದ ಟ್ರೇನಿಗಳು. ತಮಗಿಂತ ಒಂದು ವರ್ಷ ದೊಡ್ಡವರ ಎದುರು ಆಡಿ ಗೆಲ್ಲುತ್ತಿದ್ದರು. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಎರಡು ಮೂರು ಅಂಗುಲ ಎತ್ತರ, ಒಂದಷ್ಟು ಕಿಲೋ ಮೈಭಾರ. ಸ್ಕೋಲ್ಸ್ ಕೂಡ ಇದೇ ವಯಸ್ಸಿನವನು. ಆದರೆ ಗಿಡ್ಡ, ಸಣಕಲು, ಉಬ್ಬಸದ ತೊಂದರೆ ಬೇರೆ. ಅವನ ಕಾಲಿನಲ್ಲೇನಿದೆ ಎಂಬುದು ಹ್ಯಾರಿಸನ್‌ಗೆ ಗೊತ್ತಿತ್ತು. ಆದರೂ ಆ ವರ್ಷದ ಫೈನಲ್‌ಗೆ ಅವನನ್ನು ಇಳಿಸಲಿಲ್ಲ, ಕ್ಲಬ್ಬಿನಿಂದ ಕಳಿಸಲೂ ಇಲ್ಲ. ಮೈ ತುಂಬದ ಹುಡುಗನಿಗೆ ಕಾಯುವುದೂ ತರಬೇತಿಯ ಒಂದು ಭಾಗವೇ.

ಫೈನಲ್‌ನ ಮೊದಲ ಪಂದ್ಯ ಏಪ್ರಿಲ್ 14ರಂದು, ಲಂಡನ್ನಿನ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ. ಎರಡೇ ದಿನ ಮೊದಲು ಯುನೈಟೆಡ್‌ನ ಮೊದಲ ತಂಡ ವೆಂಬ್ಲಿಯಲ್ಲಿ ನಾಟಿಂಗಂ ಫಾರೆಸ್ಟ್ ತಂಡವನ್ನು 1–0 ಸೋಲಿಸಿ ಲೀಗ್ ಕಪ್ ಗೆದ್ದಿತ್ತು. ಆ ಗೋಲಿಗೆ ಚೆಂಡು ಒದಗಿಸಿದವನು ಗಿಗ್ಸ್. ಯೂತ್ ತಂಡದ ವಯಸ್ಸೇ ಆದರೂ ಅಷ್ಟರಲ್ಲಿ ದೊಡ್ಡವರ ತಂಡದಲ್ಲಿ ಕಾಯಂ ಆಗಿದ್ದ. ಹಾಗಾಗಿ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಅವನಿಲ್ಲ. ಅವನಿಲ್ಲದೆಯೂ ಹುಡುಗರು 3–1ರಲ್ಲಿ ಗೆದ್ದರು. ಬಟ್ ಎರಡು ಗೋಲು, ಬೆಕ್‌ಹ್ಯಾಮ್ ಒಂದು. ಬಟ್ ಮಿಡ್‌ಫೀಲ್ಡಿನಲ್ಲಿ ಆಡುವವನು. ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳುವುದು ಅವನ ಮುಖ್ಯ ಕೆಲಸ, ಗೋಲು ಅವನಿಗೆ ಲಾಭಾಂಶ.

ಎರಡನೇ ಪಂದ್ಯಕ್ಕೆ ಒಂದು ತಿಂಗಳ ಬಿಡುವು. ಆ ತಿಂಗಳಲ್ಲೇ ಲೀಗ್ ಕೈಬಿಟ್ಟುಹೋದದ್ದು. ಮೇ 15ಕ್ಕೆ ಗಿಗ್ಸ್ ಬಿಡುವಾಗಿದ್ದ. ತಂಡದ ನಾಯಕನಾಗಿ ಬಂದ. ಗೋಲ್‌ನಲ್ಲಿ ಕೆವಿನ್ ಪಿಲ್ಕಿಂಗ್ಟನ್. ಹಿಂದೆ ಜಾನ್ ಓಕೇನ್, ಕ್ಯಾಸ್ಪರ್, ಗ್ಯಾರಿ ನೆವಿಲ್, ಸ್ವಿಟ್ಜರ್. ಮಧ್ಯದಲ್ಲಿ ಬೆಕ್‌ಹ್ಯಾಮ್, ಬಟ್, ಡೇವಿಸ್. ಎಡ ಅಂಚಿನಲ್ಲಿ ಥಾರ್ನ್‌ಲಿ. ಮುಂದೆ ಮೆಕೀ ಮತ್ತು ಗಿಗ್ಸ್. ಗ್ಯಾರಿ ನೆವಿಲ್ ಅಂದು ಆಡಿದ್ದು ಮುಂದೆ ಹೆಸರು ಮಾಡಿದ ಬಲಬದಿಯಲ್ಲಲ್ಲ, ಕ್ಯಾಸ್ಪರ್ ಜೊತೆ ನಟ್ಟನಡುವೆ. ಪ್ಯಾಲೇಸ್ ಸುಮ್ಮನೆ ಸೋಲಲು ಬಂದಿರಲಿಲ್ಲ, ಎರಡು ಗೋಲು ಹೊಡೆಯಿತು. ಥಾರ್ನ್‌ಲಿ, ಡೇವಿಸ್, ಮೆಕೀ ಹೊಡೆದ ಮೂರರಿಂದ ಯುನೈಟೆಡ್ 3–2ರಲ್ಲಿ ಪಂದ್ಯ ಗೆದ್ದಿತು. ಒಟ್ಟು 6–3. ಇಪ್ಪತ್ತೆಂಟು ವರ್ಷಗಳ ನಂತರ, ಏಳನೆಯ ಬಾರಿಗೆ, ಯೂತ್ ಕಪ್ ಓಲ್ಡ್ ಟ್ರಾಫರ್ಡ್‌ಗೆ ಬಂತು. ಗಿಗ್ಸ್ ಅದನ್ನು ಎತ್ತಿಹಿಡಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ಇದೊಂದು ಒಳ್ಳೆಯ ಯುವ ತಂಡದ ಕಥೆಯಾಗಿ ಉಳಿಯುತ್ತಿತ್ತು. ಮುಂದಿನ ವರ್ಷ ನಡೆದದ್ದನ್ನು ಹೇಳದಿದ್ದರೆ ಆ ಋತುವಿನ ಅರ್ಥ ಪೂರ್ತಿ ಗೊತ್ತಾಗುವುದಿಲ್ಲ.

1993ರಲ್ಲೂ ಯುನೈಟೆಡ್ ಯೂತ್ ಕಪ್ ಫೈನಲ್ ಮುಟ್ಟಿತು. ಬೆಕ್‌ಹ್ಯಾಮ್, ಬಟ್, ಗ್ಯಾರಿ ನೆವಿಲ್, ಕ್ಯಾಸ್ಪರ್, ಥಾರ್ನ್‌ಲಿ, ಗಿಲೆಸ್ಪಿ ಒಂದು ವರ್ಷ ಬಲಿತಿದ್ದರು. ಈಗ ಸ್ಕೋಲ್ಸ್, ಫಿಲ್ ನೆವಿಲ್ ಕೂಡ ಸೇರಿದ್ದರು. ಕಾಗದದ ಮೇಲೆ ಹಿಂದಿನ ವರ್ಷಕ್ಕಿಂತ ಬಲವಾದ ತಂಡ. ಎದುರಾಳಿ ಲೀಡ್ಸ್. ಹುಡುಗರ ಪಂದ್ಯಕ್ಕೆ ಎರಡೂ ಊರಿನಲ್ಲಿ ಮೂವತ್ತು ಮೂವತ್ತು ಸಾವಿರ ಜನ. ಲೀಡ್ಸ್ ಓಲ್ಡ್ ಟ್ರಾಫರ್ಡ್‌ನಲ್ಲಿ 2–0, ತನ್ನ ನೆಲದಲ್ಲಿ 2–1 ಗೆದ್ದಿತು. ಒಟ್ಟು 4–1. ಆ ಎರಡು ರಾತ್ರಿ ಲೀಡ್ಸ್ ಹುಡುಗರೇ ಮೇಲು, ಅನುಮಾನವೇ ಇಲ್ಲ. ಜೇಮೀ ಫಾರೆಸ್ಟರ್, ನೋಯೆಲ್ ವೀಲನ್ ಮುಂತಾದವರಿದ್ದ ಆ ತಂಡದಿಂದ ವೃತ್ತಿಪರ ಆಟಗಾರರು ಬಂದರು, ಯುಗ ಬರಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ರಕ್ತದಲ್ಲಿ, ಹಣೆಬರಹದಲ್ಲಿ ಅಂತ ನಾನು ಹೇಳಲಾರೆ. ಮೊದಲ ತಂಡದ ಬಾಗಿಲಲ್ಲಿತ್ತು. ಆ ಬಾಗಿಲನ್ನು ಫರ್ಗುಸನ್ ತೆಗೆದರು, ಅದೂ ತಮ್ಮ ಹೆಸರನ್ನು ಪಣಕ್ಕಿಟ್ಟು. 1992ರ ಸೆಪ್ಟೆಂಬರ್‌ನಲ್ಲೇ ಗ್ಯಾರಿ ನೆವಿಲ್ ಮತ್ತು ಬೆಕ್‌ಹ್ಯಾಮ್‌ಗೆ ಒಂದೊಂದು ಪಂದ್ಯದ ರುಚಿ ತೋರಿಸಿದರು. 1994ರ ಸೆಪ್ಟೆಂಬರ್ 21ರಂದು ಲೀಗ್ ಕಪ್‌ನಲ್ಲಿ ಪೋರ್ಟ್ ವೇಲ್ ಎದುರು ಬೆಕ್‌ಹ್ಯಾಮ್, ಬಟ್, ಗ್ಯಾರಿ ನೆವಿಲ್, ಸ್ಕೋಲ್ಸ್, ಗಿಲೆಸ್ಪಿ, ಡೇವಿಸ್ ಎಲ್ಲರನ್ನೂ ಒಟ್ಟಿಗೆ ಇಳಿಸಿದರು. ದೊಡ್ಡ ಆಟಗಾರರನ್ನು ನೋಡಲು ಹಣ ಕೊಟ್ಟವರಿಗೆ ಮೋಸವಾಯಿತೆಂದು ಗುಲ್ಲೆದ್ದಿತು, ಪಾರ್ಲಿಮೆಂಟಿನಲ್ಲೂ ಮಾತು ಬಂತು. ಮೊದಲ ಪಂದ್ಯ ಆಡುತ್ತಿದ್ದ ಸ್ಕೋಲ್ಸ್ ಎರಡು ಗೋಲು ಹೊಡೆದು 2–1ರಲ್ಲಿ ಗೆಲ್ಲಿಸಿದ. 1995ರ ಬೇಸಿಗೆಯಲ್ಲಿ ಫರ್ಗುಸನ್ ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಆಂದ್ರೇ ಕಾಂಚೆಲ್‌ಸ್ಕಿಸ್ ಮೂವರನ್ನೂ ಬಿಟ್ಟುಕೊಟ್ಟರು. ಅವರ ಜಾಗಕ್ಕೆ ಯಾರನ್ನೂ ಕೊಳ್ಳಲಿಲ್ಲ. ಆಗಸ್ಟ್ 19ರಂದು ಆಸ್ಟನ್ ವಿಲಾ ಎದುರು 3–1ರಲ್ಲಿ ಸೋತಾಗ, ಮಕ್ಕಳನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು ಎಂದು ಬಿಬಿಸಿಯಲ್ಲಿ ವಿಶ್ಲೇಷಕ ಅಲನ್ ಹ್ಯಾನ್ಸನ್ ತೀರ್ಪು ಕೊಟ್ಟರು. ಆ ಮಕ್ಕಳು ಆ ಋತುವಿನಲ್ಲೇ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಗೆದ್ದರು. ಮೂರು ವರ್ಷದ ಮೇಲೆ, 1999ರಲ್ಲಿ, ಅವೆರಡರ ಜೊತೆಗೆ ಯುರೋಪಿನ ಚಾಂಪಿಯನ್ಸ್ ಲೀಗ್ ಕೂಡ. ಗಿಗ್ಸ್ ಆ ಕ್ಲಬ್ಬಿಗೆ 963 ಪಂದ್ಯ ಆಡಿದ, ಸ್ಕೋಲ್ಸ್ 718, ಗ್ಯಾರಿ ನೆವಿಲ್ 602. ಇದೆಲ್ಲ ಲೋಕಕ್ಕೇ ಗೊತ್ತಿರುವ ಭಾಗ, ಇಲ್ಲಿ ಹಿಗ್ಗಿಸಬೇಕಾಗಿಲ್ಲ.

ಮಿಕ್ಕವರ ಭಾಗವನ್ನು ಹೇಳಬೇಕು.

ಬೆನ್ ಥಾರ್ನ್‌ಲಿ ಎಡ ಅಂಚಿನ ವಿಂಗರ್. ಜೊತೆಗಾರರೇ ಹೇಳುವಂತೆ ಆ ಗುಂಪಿನಲ್ಲಿ ಅವನಿಗೆ ಸಮನಾದವರು ಕಡಿಮೆ. 1994ರ ಫೆಬ್ರುವರಿಯಲ್ಲಿ ಮೊದಲ ತಂಡಕ್ಕೆ ಕಾಲಿಟ್ಟ. ಏಪ್ರಿಲ್ 10ಕ್ಕೆ ಓಲ್ಡಂ ಎದುರು ಎಫ್.ಎ. ಕಪ್ ಸೆಮಿಫೈನಲ್ ಇತ್ತು. ಅದರ ತಂಡದಲ್ಲಿ ಅವನಿಗೆ ಜಾಗ ಸಿಗುವ ಮಾತಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಬರಿ ಎಂಬ ಊರಿನಲ್ಲಿ ಬ್ಲ್ಯಾಕ್‌ಬರ್ನ್ ಎದುರು ರಿಸರ್ವ್ ತಂಡದ ಪಂದ್ಯ. ಒಂದು ಕೆಟ್ಟ ಟ್ಯಾಕಲ್‌ಗೆ ಬಲಿಯಾಗಿ ಅವನ ಮೊಣಕಾಲಿನ ಕಟ್ಟುಗಳು ಹರಿದವು. ಹತ್ತೊಂಬತ್ತನೇ ಹುಟ್ಟುಹಬ್ಬ ಆ ತಿಂಗಳಲ್ಲೇ ಇತ್ತು. ಗುಣವಾಗಿ ಬಂದ, ಯುನೈಟೆಡ್‌ಗೆ ಮತ್ತೆ ಆಡಿದ, ಹಡರ್ಸ್‌ಫೀಲ್ಡ್, ಅಬರ್ಡೀನ್ ಕ್ಲಬ್‌ಗಳಲ್ಲಿ ವರ್ಷಗಟ್ಟಲೆ ದುಡಿದ. ಆದರೆ ಎದುರಾಳಿಯನ್ನು ನಿಂತಲ್ಲೇ ಬಿಟ್ಟು ಹೋಗುತ್ತಿದ್ದ ಆ ಓಟ ಮರಳಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಅತಿ ನೋವು ಕೊಡುವ ಭಾಗ ಇದೇ. ಅವನು ಕಲಿತದ್ದರಲ್ಲಿ, ದುಡಿದದ್ದರಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಇರಲಿಲ್ಲ.

ಕ್ರಿಸ್ ಕ್ಯಾಸ್ಪರ್‌ನದೂ ಗಾಯದ ಕಥೆಯೇ. ರೆಡಿಂಗ್ ಕ್ಲಬ್ಬಿಗೆ ಹೋದ ಮೇಲೆ, 1999ರ ಕ್ರಿಸ್‌ಮಸ್ ಮರುದಿನದ ಪಂದ್ಯದಲ್ಲಿ ಕಾಲು ಮುರಿಯಿತು. ಆಟ ಅಲ್ಲಿಗೇ ಮುಗಿಯಿತು. ಅವನು ಫುಟ್‌ಬಾಲ್ ಬಿಡಲಿಲ್ಲ, ಮೂವತ್ತನೇ ವಯಸ್ಸಿಗೆ ಬರಿ ಊರಿನ ಕ್ಲಬ್ಬಿಗೆ ಮ್ಯಾನೇಜರ್ ಆದ. ಸೈಮನ್ ಡೇವಿಸ್ 1994ರ ಡಿಸೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಗಲಾತಸರಾಯ್ ಎದುರು ಗೋಲು ಹೊಡೆದ. ಯುನೈಟೆಡ್ ಪರ ಬೆಕ್‌ಹ್ಯಾಮ್‌ನ ಮೊದಲ ಗೋಲು ಬಂದದ್ದೂ ಅದೇ ಪಂದ್ಯದಲ್ಲಿ. ಒಂದೇ ಸಂಜೆ ಒಂದೇ ಮೈದಾನದಲ್ಲಿ ಇಬ್ಬರೂ. 1997ರಲ್ಲಿ ಡೇವಿಸ್ ಲೂಟನ್‌ಗೆ ಹೋದ. ಮೆಕೀಗೆ ಮೊದಲ ತಂಡದಲ್ಲಿ ಸಿಕ್ಕಿದ್ದು ಒಂದೇ ಪಂದ್ಯ, 1994ರ ಮೇ ತಿಂಗಳಲ್ಲಿ ಕವೆಂಟ್ರಿ ಎದುರು. ಓಕೇನ್, ಪಿಲ್ಕಿಂಗ್ಟನ್‌ಗೆ ಬೆರಳೆಣಿಕೆಯಷ್ಟು. ಗಿಲೆಸ್ಪಿಯನ್ನು 1995ರ ಜನವರಿಯಲ್ಲಿ ಸ್ಟ್ರೈಕರ್ ಆ್ಯಂಡಿ ಕೋಲ್‌ನನ್ನು ಕೊಳ್ಳುವ ವ್ಯವಹಾರದ ಭಾಗವಾಗಿ ನ್ಯೂಕಾಸಲ್‌ಗೆ ಕೊಟ್ಟರು. ಉತ್ತರ ಐರ್ಲೆಂಡ್ ಪರ ದೀರ್ಘಕಾಲ ಆಡಿದ. 1994ರಲ್ಲಿ ಕ್ಲಬ್ ಬಿಡಬೇಕಾಗಿ ಬಂದ ಸ್ಯಾವೇಜ್ ಕೆಳಗಿನ ಡಿವಿಷನ್ನಿನ ಕ್ರೂ ಸೇರಿ, ಅಲ್ಲಿಂದ ಲೆಸ್ಟರ್ ಮೂಲಕ ಮೇಲಿನ ಪ್ರೀಮಿಯರ್ ಲೀಗ್ ಮುಟ್ಟಿ, ವೇಲ್ಸ್ ದೇಶಕ್ಕೂ ಆಡಿದ. ಹ್ಯಾರಿಸನ್ ಕಲಿಸಿದ ಪಾಠ ಯುನೈಟೆಡ್ ಅಂಗಿಗೆ ಮಾತ್ರ ಮೀಸಲಾಗಿರಲಿಲ್ಲ ಎನ್ನುವುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಬೇಡ.

ಜಾರ್ಜ್ ಸ್ವಿಟ್ಜರ್ ಫೈನಲ್‌ನ ಎರಡೂ ಪಂದ್ಯ ಆಡಿದವನು. ಮರುವರ್ಷ ಯುನೈಟೆಡ್ ಅವನನ್ನು ಉಳಿಸಿಕೊಳ್ಳಲಿಲ್ಲ. ಡಾರ್ಲಿಂಗ್ಟನ್‌ಗೆ ಸ್ವಲ್ಪ ಕಾಲ ಆಡಿದ, ಆಮೇಲೆ ಲೀಗ್ ಫುಟ್‌ಬಾಲಿನಿಂದಲೇ ಹೊರಗೆ ಹೋದ. ಮೊದಲ ತಂಡಕ್ಕೆ ಒಂದು ನಿಮಿಷವೂ ಆಡಲಿಲ್ಲ.

ಇಂಗ್ಲೆಂಡಿನಲ್ಲಿ ಇವತ್ತಿನ ರೂಪದ ಅಕಾಡೆಮಿಗಳು ಬಂದದ್ದು 1997ರ ಸುಧಾರಣೆಗಳ ನಂತರ. ಎಂಟು ಒಂಬತ್ತು ವರ್ಷದ ಮಕ್ಕಳನ್ನೇ ಈಗ ಕ್ಲಬ್‌ಗಳು ನೋಂದಾಯಿಸಿಕೊಳ್ಳುತ್ತವೆ. ಬೂಟು ತಿಕ್ಕುವ ಕೆಲಸವಿಲ್ಲ. ಯುನೈಟೆಡ್ 2000ದ ಹೊತ್ತಿಗೆ ಕ್ಲಿಫ್ ಬಿಟ್ಟು ಕ್ಯಾರಿಂಗ್ಟನ್ನಿನ ದೊಡ್ಡ ಕೇಂದ್ರಕ್ಕೆ ಹೋಯಿತು. ಹ್ಯಾರಿಸನ್‌ಗೆ 2018ರಲ್ಲಿ ಎಂ.ಬಿ.ಇ. ಗೌರವ ಬಂತು. 2019ರ ಫೆಬ್ರುವರಿ 13ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದು ಯುವ ತಂಡದ ಕೋಚ್‌ಗೆ ಅಷ್ಟು ಪ್ರೀತಿಯ ಶ್ರದ್ಧಾಂಜಲಿ ಸಿಕ್ಕದ್ದು ಅಪರೂಪ, ಮತ್ತು ಪೂರ್ತಿ ನ್ಯಾಯವಾದದ್ದು.

ಈ ಪೀಳಿಗೆಯ ಬಗ್ಗೆ 2013ರಲ್ಲಿ ಒಂದು ಸಾಕ್ಷ್ಯಚಿತ್ರ ಬಂದಿದೆ, ಪುಸ್ತಕಗಳು ಬಂದಿವೆ, ಇನ್ನೂ ಬರುತ್ತವೆ. ಓದಿ, ನೋಡಿ. ಆದರೆ 1992ರ ಆ ತಂಡದ ಪಟ್ಟಿ ಸಿಕ್ಕಾಗ ಪರಿಚಿತ ನಾಲ್ಕು ಹೆಸರಿಗೆ ಕಣ್ಣಾಡಿಸಿ ನಿಲ್ಲಿಸಬೇಡಿ. ಪಿಲ್ಕಿಂಗ್ಟನ್, ಓಕೇನ್, ಸ್ವಿಟ್ಜರ್, ಕ್ಯಾಸ್ಪರ್, ಡೇವಿಸ್, ಮೆಕೀ, ಥಾರ್ನ್‌ಲಿ, ಸ್ಯಾವೇಜ್, ಗಿಲೆಸ್ಪಿ ಎಂಬ ಹೆಸರುಗಳನ್ನೂ ಓದಿ. ಆ ಕಪ್ ಗೆದ್ದವರಲ್ಲಿ ಅವರೂ ಇದ್ದರು.